1,350 ಗ್ರಾಂ ಮಗುವನ್ನು ಅಪ್ಪ ಎದೆಗೆ ಹಾಕಿಕೊಳ್ಳಬಹುದಾ? ಮನೆಯಲ್ಲಿ ಹಿರಿಯರು ಬೇಡ ಅನ್ನುತ್ತಿದ್ದಾರೆ

ಸಕಲೇಶಪುರದ ಅಪ್ಪ

ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿಗೆ ಬಿಪಿ ಜಾಸ್ತಿಯಾಗಿ 31ನೇ ವಾರಕ್ಕೇ ಸಿಸೇರಿಯನ್ ಮಾಡಿದರು. ಹೆಣ್ಣು ಮಗು. ಹುಟ್ಟಿದಾಗ 1,350 ಗ್ರಾಂ. ಹಾಸನದಲ್ಲಿ ನವಜಾತ ಶಿಶುಗಳ ಘಟಕದಲ್ಲಿ (ಎಸ್‌ಎನ್‌ಸಿಯು) ಇಟ್ಟಿದ್ದಾರೆ. ಉಸಿರಾಟಕ್ಕೆ ಹಾಕಿದ್ದ ಸಿಪ್ಯಾಪ್ ತೆಗೆದಾಯಿತು. ಸಣ್ಣ ಕೊಳವೆಯಲ್ಲಿ ತಾಯಿ ಹಾಲೇ ಹೋಗುತ್ತಿದೆ.

ಇವತ್ತು ಬೆಳಿಗ್ಗೆ ಡಾಕ್ಟರು ಕರೆದು, "ಇನ್ನು ಕಾಂಗರೂ ಕೇರ್ ಶುರು ಮಾಡಿ. ಮಗುವನ್ನು ಬರೀ ಮೈಯಲ್ಲಿ ನೇರವಾಗಿ ಎದೆಗೆ ಒತ್ತಿಕೊಂಡು ಇಟ್ಟುಕೊಳ್ಳಬೇಕು. ತಾಯಿಗೆ ಕೂರಲು ಆಗದ ಹೊತ್ತು ನೀವು ಮಾಡಿ" ಅಂದರು. ನನಗೆ ಮನಸ್ಸಿದೆ, ಆದರೆ ಧೈರ್ಯ ಸಾಲುತ್ತಿಲ್ಲ. ಅವಳ ತೊಡೆ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಅಷ್ಟೇ.

ಮನೆಯಲ್ಲಿ ಅಮ್ಮ, ಅತ್ತೆ ಇಬ್ಬರೂ ಒಪ್ಪುತ್ತಿಲ್ಲ. ಪುರುಡು ಕಳೆದಿಲ್ಲ, ಪೆಟ್ಟಿಗೆಯಲ್ಲಿ ಬೆಚ್ಚಗಿರುವ ಕೂಸನ್ನು ಹೊರಗೆ ತೆಗೆದರೆ ಶೀತ ಆಗುತ್ತದೆ, ಹಸುಗೂಸನ್ನು ಗಂಡಸರ ಮೈಮೇಲೆ ಹಾಕಬಾರದು ಅನ್ನುತ್ತಾರೆ. ನೋಡಲು ಬಂದ ನೆಂಟರೊಬ್ಬರು "ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದರೆ ಕಷ್ಟ ಇತ್ತು" ಅಂತ ಬೇರೆ ಹೇಳಿ ಹೋದರು.

ಅಪ್ಪ ಮಾಡಿದರೆ ನಿಜಕ್ಕೂ ಪ್ರಯೋಜನ ಇದೆಯಾ? ಎಷ್ಟು ಹೊತ್ತು ಇಟ್ಟುಕೊಳ್ಳಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಎಸ್‌ಎನ್‌ಸಿಯು ಸಿಸ್ಟರ್, ಹಾಸನ

ಮೊದಲು ಅಭಿನಂದನೆ. ಸಿಪ್ಯಾಪ್ ತೆಗೆದಿದ್ದಾರೆ, ತಾಯಿ ಹಾಲು ಹೋಗುತ್ತಿದೆ ಅಂದರೆ ಒಳ್ಳೆಯ ಸುದ್ದಿ.

ಖಂಡಿತ ಇಟ್ಟುಕೊಳ್ಳಬಹುದು. ಡಾಕ್ಟರೇ ಹೇಳಿದ ಮೇಲೆ ತಡ ಮಾಡಬೇಡಿ. ಗಂಡಸರ ಎದೆಯಲ್ಲೂ ಮಗುವಿಗೆ ಬೇಕಾದ ಬಿಸಿ ಇರುತ್ತದೆ. ಎದೆಯಲ್ಲಿ ಕೂದಲಿದ್ದರೆ ಏನೂ ತೊಂದರೆ ಇಲ್ಲ, ಬೋಳಿಸಬೇಡಿ. ಸ್ನಾನ ಮಾಡಿ, ಉಗುರು ಕತ್ತರಿಸಿ, ಉಂಗುರ, ವಾಚು, ಕೈಗೆ ಕಟ್ಟಿದ ದಾರ ತೆಗೆದು, ಮೊಣಕೈವರೆಗೆ ಸೋಪು ಹಾಕಿ ತೊಳೆದು ಬನ್ನಿ. ಬೀಡಿ, ಸಿಗರೇಟು ಇದ್ದರೆ ಈಗಲೇ ಬಿಡಿ. ನೆಗಡಿ, ಜ್ವರ, ಚರ್ಮದ ಕಜ್ಜಿ ಇರುವವರು ಬರಬಾರದು. ಬೇಡ ಅನ್ನಲು ನಿಜವಾದ ಕಾರಣ ಅಂದರೆ ಇಂಥವು, ಪುರುಡಲ್ಲ.

ಭಂಗಿ ಸರಿಯಾಗಿರಬೇಕು. ಅದನ್ನು ಬರೆದು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಒರಗು ಕುರ್ಚಿಯಲ್ಲೋ, ದಿಂಬು ಇಟ್ಟ ಮಂಚದ ಮೇಲೋ ಸ್ವಲ್ಪ ಹಿಂದಕ್ಕೆ ಒರಗಿ ಕೂತುಕೊಳ್ಳಿ. ಪೂರ್ತಿ ಮಲಗಬೇಡಿ. ಮುಂದೆ ಗುಂಡಿ ಇರುವ ಶರ್ಟ್ ಹಾಕಿ ಗುಂಡಿ ಬಿಚ್ಚಿ. ಮಗುವಿಗೆ ಡೈಪರ್, ಕುಲಾವಿ, ಕಾಲುಚೀಲ ಇಷ್ಟೇ. ಎದೆಯ ನಡುವೆ ನೆಟ್ಟಗೆ ಇಟ್ಟು ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಬೇಕು. ಗಲ್ಲ ಸ್ವಲ್ಪವೇ ಮೇಲೆ ಇರಲಿ. ಗಲ್ಲ ಎದೆಗೆ ಮಡಚಿಕೊಂಡರೆ ಉಸಿರಿನ ದಾರಿ ಮುಚ್ಚುತ್ತದೆ, ಜಾಸ್ತಿ ಹಿಂದಕ್ಕೆ ಬಾಗಿದರೂ ತೊಂದರೆ. ಮೂಗು, ಬಾಯಿ ಯಾವಾಗಲೂ ನಿಮ್ಮ ಕಣ್ಣಿಗೆ ಕಾಣುತ್ತಿರಬೇಕು. ಕೈ ಎರಡೂ ಮಡಚಿ ನಿಮ್ಮ ಎದೆ ಮೇಲೆ, ಕಾಲು ಕಪ್ಪೆ ಕಾಲಿನ ಹಾಗೆ ಅಗಲವಾಗಿ ಮಡಚಿ. ಆಮೇಲೆ ಮೆತ್ತನೆ ಹತ್ತಿ ಬಟ್ಟೆ ಸುತ್ತಿ ಕಟ್ಟಿ, ಅದರ ಮೇಲಂಚು ಮಗುವಿನ ಕಿವಿಯ ಕೆಳಗೆ ಬರಬೇಕು. ಎದೆಯ ಭಾಗಕ್ಕೆ ಗಟ್ಟಿ, ಹೊಟ್ಟೆಯ ಭಾಗಕ್ಕೆ ಸಡಿಲ. ಮಗು ಉಸಿರಾಡುವುದು ಹೊಟ್ಟೆಯಿಂದ.

ಮೊದಲ ಸಲ ಸಿಸ್ಟರೇ ಇಟ್ಟುಕೊಡುತ್ತಾರೆ. ಕೈ ನಡುಗಿದರೆ ಹೇಳಿ, ನಾಚಿಕೆ ಬೇಡ. ಒಮ್ಮೆ ಇಟ್ಟುಕೊಂಡರೆ ಕನಿಷ್ಠ ಒಂದು ಗಂಟೆ ಎತ್ತಬೇಡಿ. ತೆಗೆಯುವುದು, ಇಡುವುದು ಅಂತ ಪದೇ ಪದೇ ಮಾಡಿದರೆ ಮಗು ಸುಸ್ತಾಗುತ್ತದೆ.

ಮೂಡಿಗೆರೆ ಅಮ್ಮ

ನಮ್ಮ ಮಗ 30 ವಾರಕ್ಕೆ ಹುಟ್ಟಿದವನು. ಈಗ ಶಾಲೆಗೆ ಹೋಗುತ್ತಾನೆ.

ಅಪ್ಪನಿಂದ ಪ್ರಯೋಜನ ಇದೆಯಾ ಅಂತ ಕೇಳಿದಿರಲ್ಲ, ನಾನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ಮಗನ ಪಾದಕ್ಕೆ ಕೆಂಪು ದೀಪದ ಒಂದು ಪಟ್ಟಿ ಸುತ್ತಿದ್ದರು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ಅದು ಮಾನಿಟರಿನಲ್ಲಿ ತೋರಿಸುತ್ತಿತ್ತು. ಪೆಟ್ಟಿಗೆಯಲ್ಲಿದ್ದಾಗ ಆಗಾಗ ಉಸಿರಾಡುವುದನ್ನೇ ಮರೆಯುತ್ತಿದ್ದ. ಸಂಖ್ಯೆ ಸರ್ರನೆ 80ಕ್ಕಿಂತ ಕೆಳಗೆ ಇಳಿಯುವುದು, ಯಂತ್ರ ಕೂಗುವುದು, ಸಿಸ್ಟರ್ ಓಡಿ ಬಂದು ಅಂಗಾಲು ತಟ್ಟುವುದು. ನನ್ನ ಗಂಡ ಎದೆಗೆ ಹಾಕಿಕೊಂಡ ದಿನ ನಾನು ಪಕ್ಕದಲ್ಲಿ ಹಾಲು ಹಿಂಡುತ್ತಾ ಕೂತಿದ್ದೆ. ಮೊದಲ ಐದು ನಿಮಿಷ ಮಗು ಕೊಸರಾಡಿತು. ಆಮೇಲೆ ಮುಷ್ಟಿ ಬಿಚ್ಚಿ ಬೆರಳುಗಳನ್ನು ಅವರ ಎದೆ ಮೇಲೆ ಅಗಲಿಸಿತು. ಸಂಖ್ಯೆ 94, 95, 96. ಅಲ್ಲೇ ನಿಂತಿತು. ಅವರು ಏಳುವವರೆಗೂ ಯಂತ್ರ ಕೂಗಲಿಲ್ಲ.

ಇನ್ನೊಂದು ವಿಷಯ. ಗಂಡ ಮಗುವನ್ನು ಇಟ್ಟುಕೊಂಡ ಹೊತ್ತಿನಲ್ಲಿ ನನಗೆ ನಿದ್ದೆ ಸಿಕ್ಕಿತು. ನಿದ್ದೆ ಆದ ಮೇಲೆ ಹಾಲು ಜಾಸ್ತಿ ಬಂತು. ಎಲ್ಲರೂ ಮಗುವಿನ ತೂಕ ಕೇಳುತ್ತಾರೆ, ಬಾಣಂತಿ ಮಲಗಿದಳಾ ಅಂತ ಯಾರೂ ಕೇಳಲ್ಲ.

ಅರಕಲಗೂಡಿನ ಅಜ್ಜಿ

ಮೊಮ್ಮಗಳು ಓದಿ ಹೇಳಿದಳು, ನಾನು ಹೇಳಿದ್ದನ್ನು ಅವಳೇ ಬರೆಯುತ್ತಿದ್ದಾಳೆ.

ಹಿರಿಯರು ಬೇಡ ಅಂದರೆ ಕೆಟ್ಟದ್ದು ಬಯಸಿ ಅಲ್ಲಪ್ಪ. ನಮ್ಮ ಕಾಲದಲ್ಲಿ ಇಂಥ ಕೂಸುಗಳು ಕಣ್ಣೆದುರೇ ಹೋಗುತ್ತಿದ್ದವು. ಹತ್ತಿ ಹಾಸಿ, ಹಳೇ ಸೀರೆ ಸುತ್ತಿ, ಒಲೆ ಇರುವ ಕೋಣೆಯಲ್ಲಿ ಇಟ್ಟು ಕಾಯುತ್ತಿದ್ದೆವು. ಒಳಲೆಯಲ್ಲಿ ತೊಟ್ಟು ತೊಟ್ಟು ಹಾಲು ಹಾಕುತ್ತಿದ್ದೆವು. ನನ್ನ ತಂಗಿಯ ಎರಡನೆಯ ಮಗು ಹಾಗೇ ಉಳಿಯಿತು. ಅವಳು ಸೆರಗಿನೊಳಗೆ ಮೈಗೆ ಒತ್ತಿಕೊಂಡೇ ಇರುತ್ತಿದ್ದಳು, ಕೆಳಗೆ ಬಿಡುತ್ತಲೇ ಇರಲಿಲ್ಲ. ಅದಕ್ಕೇ ಈ ಕಾಂಗರೂ ಅನ್ನುವುದು ನನಗೆ ಹೊಸದು ಅನ್ನಿಸಲಿಲ್ಲ.

ನನ್ನ ಅನುಮಾನ ಬೇರೆ. ಹೊಟ್ಟೆ ಕೊಯ್ದ ಹಸಿ ಬಾಣಂತಿ ಮೈ ಬಿಚ್ಚಿಕೊಂಡು ಗಂಟೆಗಟ್ಟಲೆ ಕೂತರೆ ಅವಳಿಗೆ ಥಂಡಿ ಆಗಲ್ವಾ? ಮನೆಗೆ ಬಂದ ಮೇಲೆ ನೀರು ಹಾಕುವುದು, ಸಾಂಬ್ರಾಣಿ ಹೊಗೆ ಕೊಡುವುದು ಯಾವಾಗ?

ಮಕ್ಕಳ ವೈದ್ಯ, ಚಿಕ್ಕಮಗಳೂರು

ಅಜ್ಜಿಯ ಪ್ರಶ್ನೆಗೇ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ನಮ್ಮ ಕಡೆ ಕಾಂಗರೂ ಆರೈಕೆ ನಿಲ್ಲುವುದು ಈ ಅನುಮಾನಗಳಲ್ಲೇ. ಮೈ ಬಿಚ್ಚಿಕೊಂಡು ಕೂರಬೇಕಿಲ್ಲಮ್ಮ. ಮುಂದಿನ ಗುಂಡಿ ತೆಗೆದು ಮಗುವನ್ನು ಒಳಗೆ ಇಟ್ಟ ಮೇಲೆ ಮೇಲಿಂದ ಶಾಲು, ಸ್ವೆಟರ್, ಕಂಬಳಿ ಏನು ಬೇಕಾದರೂ ಹೊದೆಯಬಹುದು. ತಾಯಿಗೂ ಬೆಚ್ಚಗೇ ಇರುತ್ತದೆ. ಹೊಲಿಗೆ ಕೆಳಹೊಟ್ಟೆಯಲ್ಲಿರುತ್ತದೆ, ಮಗು ಎದೆಯ ಮೇಲಿರುತ್ತದೆ. ನೋವಿನ ಔಷಧ ಕೊಟ್ಟು ಮೊದಲ ದಿನವೇ ಕೂರಿಸಬಹುದು.

ನೀರು ಹಾಕುವ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ದಿನ ತುಂಬದ ಮಗುವಿಗೆ ಚರ್ಮದ ಕೆಳಗೆ ಕೊಬ್ಬಿಲ್ಲ, ಮೈ ಬಿಸಿ ಹುಟ್ಟಿಸುವ ಕಂದು ಕೊಬ್ಬೂ ಸಾಲದು. ತಣ್ಣಗಾದ ಕೂಡಲೇ ಇರುವ ಸಕ್ಕರೆಯನ್ನೆಲ್ಲ ಬಿಸಿಗಾಗಿ ಸುಡುತ್ತದೆ. ಸಕ್ಕರೆ ಇಳಿಯುತ್ತದೆ, ಉಸಿರು ತಪ್ಪುತ್ತದೆ. ಅದಕ್ಕೇ ತೂಕ ಚೆನ್ನಾಗಿ ಏರಿ ಡಾಕ್ಟರು ಹೇಳುವವರೆಗೆ ಸ್ನಾನ ಬೇಡ, ಬೆಚ್ಚನೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹೊಗೆಯಂತೂ ಯಾವಾಗಲೂ ಬೇಡ. ಆ ಶ್ವಾಸಕೋಶ ಇನ್ನೂ ಪೂರ್ತಿ ಬೆಳೆದಿಲ್ಲ. ಏಳು ತಿಂಗಳು, ಎಂಟು ತಿಂಗಳು ಅನ್ನುವ ಮಾತೂ ಅಷ್ಟೇ, ಅದಕ್ಕೆ ಆಧಾರವಿಲ್ಲ. ಗರ್ಭದಲ್ಲಿ ಹೆಚ್ಚು ವಾರ ಇದ್ದಷ್ಟೂ ಮಗುವಿಗೆ ಒಳ್ಳೆಯದು. ಎಂಟಕ್ಕೆ ಹುಟ್ಟಿದ ಮಗು ಏಳಕ್ಕೆ ಹುಟ್ಟಿದ್ದಕ್ಕಿಂತ ಗಟ್ಟಿ.

ಈ ಪದ್ಧತಿ ಶುರುವಾಗಿದ್ದು ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ. 1978ರ ಸುಮಾರಿಗೆ ಬೊಗೋಟಾ ನಗರದ ದೊಡ್ಡ ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರುಗಳು, ಅಂದರೆ ಮಗುವನ್ನು ಬೆಚ್ಚಗಿಡುವ ಪೆಟ್ಟಿಗೆಗಳು, ಸಾಲದೆ ಒಂದರಲ್ಲೇ ಎರಡು ಮೂರು ಮಕ್ಕಳನ್ನು ಇಡುತ್ತಿದ್ದರು. ಸೋಂಕಿನಿಂದ ಮಕ್ಕಳು ಸಾಯುತ್ತಿದ್ದವು. ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಮಕ್ಕಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಎಕ್ಟರ್ ಮಾರ್ಟಿನೆಸ್ ಎಂಬ ಇನ್ನೊಬ್ಬ ವೈದ್ಯರೂ ಅವರ ಜೊತೆ ಕೈಜೋಡಿಸಿದರು. ಅದೇ ನಗರದಲ್ಲಿ 1990ರ ದಶಕದಲ್ಲಿ ಹಾಗೆ ಬೆಳೆದ ಮಕ್ಕಳನ್ನು ಸುಮಾರು 20 ವರ್ಷದ ನಂತರ ಹುಡುಕಿ ಪರೀಕ್ಷಿಸಿದರು. ಆ ವರದಿ 2017ರಲ್ಲಿ ಬಂತು. ಮಾಮೂಲಿ ಆರೈಕೆಯಲ್ಲಿ ಬೆಳೆದವರಿಗಿಂತ ಇವರಲ್ಲಿ ಶಾಲೆ ತಪ್ಪಿಸುವುದು, ಅತಿ ಚಡಪಡಿಕೆ, ಸಿಟ್ಟು ಕಡಿಮೆ ಇತ್ತು.

ಕಡೂರಿನವನು

ಡಾಕ್ಟರೇ, ಒಂದು ನೇರ ಪ್ರಶ್ನೆ. ನೀವೇ ಹೇಳಿದಿರಿ, ಪೆಟ್ಟಿಗೆ ಸಾಲದ ಕಡೆ ಹುಟ್ಟಿದ ಉಪಾಯ ಅಂತ. ನನ್ನ ಅಣ್ಣನ ಮಗುವಿಗೆ ಖಾಸಗಿಯಲ್ಲಿ ದಿನಕ್ಕೆ ಸಾವಿರಾರು ರೂಪಾಯಿ ಕಟ್ಟಿದ್ದೇವೆ. ಯಂತ್ರ ಇರುವಾಗ ಎದೆ ಮೇಲೆ ಯಾಕೆ? ಅಲ್ಲಿ ಅಣ್ಣನನ್ನು ಒಳಗೇ ಬಿಡಲಿಲ್ಲ, ದಿನಕ್ಕೊಮ್ಮೆ ಗಾಜಿನಾಚೆಯಿಂದ ತೋರಿಸುತ್ತಿದ್ದರು. ಅದೇ ಸುರಕ್ಷಿತ ಅಂದುಕೊಂಡಿದ್ದೆವು.

ಮಕ್ಕಳ ವೈದ್ಯ, ಚಿಕ್ಕಮಗಳೂರು

ಸರಿಯಾದ ಪ್ರಶ್ನೆ. ಬಹಳ ವರ್ಷ ವೈದ್ಯರೂ ಹಾಗೇ ಯೋಚಿಸುತ್ತಿದ್ದೆವು. ಮೊದಲು ಯಂತ್ರದಲ್ಲಿ ಸ್ಥಿರವಾಗಲಿ, ಆಮೇಲೆ ಎದೆಗೆ ಅಂತ. ಅದನ್ನೇ ಪರೀಕ್ಷೆಗೆ ಹಾಕಿದರು. ಭಾರತ, ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾ ಐದು ದೇಶಗಳ ದೊಡ್ಡ ಆಸ್ಪತ್ರೆಗಳು. ನಮ್ಮಲ್ಲಿ ದೆಹಲಿಯ ಸಫ್ದರ್‌ಜಂಗ್. ಹುಟ್ಟಿದಾಗ 1 ಕೆಜಿಯಿಂದ 1.8 ಕೆಜಿಯೊಳಗಿದ್ದ ಸುಮಾರು 3,200 ಮಕ್ಕಳು. ಅರ್ಧ ಮಕ್ಕಳಿಗೆ ಹುಟ್ಟಿದ ಕೂಡಲೇ ಎದೆ, ಇನ್ನರ್ಧಕ್ಕೆ ಸ್ಥಿರವಾದ ಮೇಲೆ ಎದೆ. 2021ರಲ್ಲಿ ಫಲಿತಾಂಶ ಬಂತು. ಮೊದಲ 28 ದಿನದಲ್ಲಿ, ಕಾದು ಶುರು ಮಾಡಿದ ಗುಂಪಿನಲ್ಲಿ ಶೇ. 15.7 ಮಕ್ಕಳು ತೀರಿಕೊಂಡರೆ ಕೂಡಲೇ ಶುರು ಮಾಡಿದವರಲ್ಲಿ ಶೇ. 12. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತು ಅಂದರೆ, ಇನ್ನು ಕಾಯಿಸುವುದು ನ್ಯಾಯವಲ್ಲ ಅಂತ ಅಧ್ಯಯನವನ್ನೇ ಮೊದಲೇ ನಿಲ್ಲಿಸಿದರು.

ಗಮನಿಸಿ, ಅಲ್ಲಿ ಆಮ್ಲಜನಕ, ಸಿಪ್ಯಾಪ್, ಡ್ರಿಪ್ ಎಲ್ಲ ಇತ್ತು. ಯಾವುದನ್ನೂ ಬಿಡಲಿಲ್ಲ. ತಾಯಿಯ ಮಂಚವನ್ನೇ ಘಟಕದೊಳಗೆ ತಂದರು. ಯಂತ್ರದ ಜಾಗಕ್ಕೆ ಎದೆ ಬಂತು ಅಂತಲ್ಲ, ಯಂತ್ರದ ಜೊತೆಗೇ ಎದೆ ಇತ್ತು.

ಪೆಟ್ಟಿಗೆ ಬಿಸಿ ಮಾತ್ರ ಕೊಡುತ್ತದೆ. ಎದೆ ಮೇಲಿದ್ದರೆ ಮಗುವಿನ ಉಸಿರು, ಹೃದಯ ಬಡಿತ ಒಂದು ಲಯಕ್ಕೆ ಬರುತ್ತವೆ. ಆಸ್ಪತ್ರೆಯ ಕೀಟಾಣುಗಳ ಬದಲು ಮನೆಯವರ ಚರ್ಮದ ಸಾಧಾರಣ ಕೀಟಾಣುಗಳು ಮೊದಲು ಮಗುವಿನ ಮೈಗೆ ಬರುತ್ತವೆ, ಅದರಿಂದ ಸೋಂಕು ಕಡಿಮೆ. ತಾಯಿಗೆ ಹಾಲು ಇಳಿಯುತ್ತದೆ. 2022ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಲಹೆಯನ್ನೇ ಬದಲಿಸಿತು: ಹುಟ್ಟಿದ ಮೇಲೆ ಆದಷ್ಟು ಬೇಗ, ದಿನಕ್ಕೆ 8ರಿಂದ 24 ಗಂಟೆ. ಉಸಿರೇ ಆಡದ, ಶಾಕ್‌ನಲ್ಲಿರುವ ಅಥವಾ ವೆಂಟಿಲೇಟರ್ ಬೇಕಾದ ಮಕ್ಕಳಿಗೆ ಮಾತ್ರ ಮೊದಲು ಅದರ ಚಿಕಿತ್ಸೆ.

ಹಾಗಾಗಿ ಅಪ್ಪನನ್ನು ಗಾಜಿನಾಚೆ ನಿಲ್ಲಿಸುವ ಆಸ್ಪತ್ರೆಯಲ್ಲಿ ಮನೆಯವರು ಕೇಳಲೇಬೇಕು. "ನಮ್ಮ ಮಗುವಿಗೆ ಕಾಂಗರೂ ಆರೈಕೆ ಯಾವಾಗಿಂದ? ನಾವು ಯಾರು ಯಾರು ಬರಬಹುದು?" ಇಷ್ಟು ಸಾಕು.

ಎಸ್ಟೇಟ್ ರೈಟರ್, ಬಾಳೆಹೊನ್ನೂರು

ಎಂಟು ಗಂಟೆ, ಇಪ್ಪತ್ತನಾಲ್ಕು ಗಂಟೆ ಅನ್ನುವುದು ಓದಲು ಸುಲಭ. ಎಸ್ಟೇಟಿನಲ್ಲಿ ಕೆಲಸದ ಲೆಕ್ಕ ಬರೆಯುವ ನಾನು ಕೂಲಿಯವರ ಲೈನ್ ಮನೆಗಳ ಕಥೆ ಹೇಳುತ್ತೇನೆ. ಅಲ್ಲಿ ಬಾಣಂತಿಗೆ ಇನ್ನೊಂದು ಮಗು ಇರುತ್ತದೆ, ನೀರು ಹೊರಬೇಕು, ಸೌದೆ ತರಬೇಕು, ಗಂಡ ಕೂಲಿಗೆ ಹೋಗಬೇಕು. ಕಾಫಿ ಹಣ್ಣಿನ ಹೊತ್ತಾದರೆ ಮನೆಯಲ್ಲಿ ಒಬ್ಬರೂ ಇರಲ್ಲ. ಆಸ್ಪತ್ರೆಯಿಂದ ಬಂದ ವಾರಕ್ಕೇ ಆ ಹೆಣ್ಣುಮಗಳು ಒಲೆ ಮುಂದೆ ಕೂತಿರುತ್ತಾಳೆ, ಕೂಸು ಜೋಳಿಗೆಯಲ್ಲಿ. ಇದು ಅವಳಿಗೆ ತಿಳಿವಳಿಕೆ ಇಲ್ಲದ್ದರಿಂದ ಅಲ್ಲ, ಕೈ ಸಾಲದ್ದರಿಂದ. ಈ ವಿಷಯದಲ್ಲಿ ಬಾಣಂತಿಗೆ ಬುದ್ಧಿ ಹೇಳುವವರು ಜಾಸ್ತಿ, ಅವಳ ಕೆಲಸ ತೆಗೆದುಕೊಳ್ಳುವವರು ಕಡಿಮೆ.

ನಮ್ಮಲ್ಲಿ ಹೋದ ವರ್ಷ ಹೀಗೊಂದು ಸಣ್ಣ ಕೂಸು ಬಂದಾಗ ಪಕ್ಕದ ಮನೆಯವರು ಎರಡು ಹೊತ್ತಿನ ಅಡುಗೆ ಕೊಟ್ಟರು. ಗಂಡನಿಗೆ ಬೆಳಗಿನ ಕೆಲಸ ಮಾತ್ರ ಹಾಕಿಕೊಟ್ಟೆ, ಮಧ್ಯಾಹ್ನದ ಮೇಲೆ ಮಗು ಅವನ ಎದೆ ಮೇಲೆ. ಬೇರೆ ಎಸ್ಟೇಟುಗಳಲ್ಲೂ ಇದು ಆಗದ ಕೆಲಸ ಅಲ್ಲ.

ಇನ್ನು ರಜೆ. ಹೆರಿಗೆ ಸೌಲಭ್ಯದ ಕಾನೂನು ಪ್ಲಾಂಟೇಶನ್ ಕೆಲಸಗಾರರಿಗೂ ಇದೆ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ. ಮಗು ಬೇಗ ಹುಟ್ಟಿತು ಅಂತ ಇದು ಕಡಿಮೆ ಆಗಲ್ಲ. ಕೇಳಿ ಪಡೆಯಿರಿ.

ಮೂಡಿಗೆರೆ ಅಮ್ಮ

ರೈಟರ್ ಹೇಳಿದ ಮಾತಿಗೆ ನೂರಕ್ಕೆ ನೂರು. ನನ್ನ ಮಗುವಿನ ತೂಕ ಏರಿದ್ದು ನನ್ನ ಒಬ್ಬಳ ಎದೆಯಿಂದ ಅಲ್ಲ. ಬೆಳಗಿನ ಹೊತ್ತು ನಾನು, ಮಧ್ಯಾಹ್ನ ನನ್ನ ಅಮ್ಮ, ರಾತ್ರಿ ಊಟ ಆದ ಮೇಲೆ ಗಂಡ. ನನ್ನ ಅತ್ತೆ ಮಗುವನ್ನು ಇಟ್ಟುಕೊಳ್ಳಲು ಹೆದರಿದರು, ಆದರೆ ಅಡುಗೆ, ಬಟ್ಟೆ ಎಲ್ಲ ಅವರೇ ನೋಡಿಕೊಂಡರು. ಅದೂ ಕಾಂಗರೂ ಆರೈಕೆಯೇ ಅಂತ ನನ್ನ ಲೆಕ್ಕ.

ಮಗು ನೋಡಲು ಬರುವವರನ್ನು ಮಾತ್ರ ಬಾಗಿಲಲ್ಲೇ ನಿಲ್ಲಿಸಿ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ನಾಮಕರಣಕ್ಕೆ ಕರೆದರಾಯಿತು.

ಆಶಾ ಕಾರ್ಯಕರ್ತೆ, ಬೇಲೂರು ತಾಲ್ಲೂಕು

ಮನೆಗೆ ಬಂದ ಮೇಲೆ ಬಿಟ್ಟುಬಿಡುವವರೇ ಜಾಸ್ತಿ. ಆಸ್ಪತ್ರೆಯಲ್ಲಿ ಸಿಸ್ಟರ್ ಇರುತ್ತಾರೆ, ಮನೆಯಲ್ಲಿ ಕೇಳುವವರಿಲ್ಲ. ಆದರೆ ಮನೆಯಲ್ಲೇ ಇದರ ಕೆಲಸ ದೊಡ್ಡದು. ಹರಿಯಾಣದಲ್ಲಿ ಮನೆಯಲ್ಲೇ ಕಾಂಗರೂ ಆರೈಕೆ ಮಾಡಿಸಿ ನೋಡಿದ ದೊಡ್ಡ ಅಧ್ಯಯನ 2019ರಲ್ಲಿ ಬಂತು ಅಂತ ನಮಗೆ ತರಬೇತಿಯಲ್ಲಿ ಹೇಳಿದರು. ಅಲ್ಲೂ ಮಕ್ಕಳ ಸಾವು ಕಡಿಮೆಯಾಯಿತು. ನಮ್ಮ ರಾಜ್ಯದಲ್ಲೇ ಕೊಪ್ಪಳ ಜಿಲ್ಲೆಯಲ್ಲಿ ಆಸ್ಪತ್ರೆಯಿಂದ ಮನೆಯವರೆಗೆ ಇದನ್ನು ಮಾಡಿಸಿದ್ದಾರೆ. ಕೊಪ್ಪಳದ ಬಿಸಿಲಲ್ಲಿ ಆಗುತ್ತದೆ ಅಂದರೆ ನಮ್ಮ ಮಳೆ ಚಳಿಗೆ ಇನ್ನೂ ಬೇಕು, ಅಲ್ವಾ?

ಜುಲೈನಲ್ಲಿ ಬಿಕ್ಕೋಡು, ಅರೇಹಳ್ಳಿ ಕಡೆ ಹೋದರೆ ಹಾಸಿಗೆಯೇ ಒದ್ದೆ ಒದ್ದೆ ಇರುತ್ತದೆ. ತೊಟ್ಟಿಲಲ್ಲಿ ನಾಲ್ಕು ಬಟ್ಟೆ ಸುತ್ತಿ ಮಲಗಿಸಿದ ಸಣ್ಣ ಮಗುವಿನ ಅಂಗಾಲು ಮುಟ್ಟಿದರೆ ತಣ್ಣಗಿರುತ್ತದೆ. ಬಟ್ಟೆ ಬಿಸಿ ಹುಟ್ಟಿಸಲ್ಲ, ಇರುವ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೇ. ಆ ಮಗುವಿನಲ್ಲಿ ಬಿಸಿಯೇ ಇಲ್ಲವಲ್ಲ. ನಾನು ಹೋದ ಕೂಡಲೇ ಅಂಗಾಲು, ಹೊಟ್ಟೆ ಎರಡೂ ಮುಟ್ಟಿ ನೋಡುತ್ತೇನೆ. ಅಂಗಾಲು ತಣ್ಣಗೆ, ಹೊಟ್ಟೆ ಬೆಚ್ಚಗೆ ಇದ್ದರೆ ಆಗಲೇ ಎದೆಗೆ ಹಾಕಿಸುತ್ತೇನೆ. ಎರಡೂ ತಣ್ಣಗಿದ್ದರೆ ಎದೆಗೆ ಹಾಕಿಕೊಂಡೇ ಆಸ್ಪತ್ರೆಗೆ ಹೊರಡಿಸುತ್ತೇನೆ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು.

ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರಾಡಿದರೆ, ಉಸಿರಾಡುವಾಗ ಪಕ್ಕೆ ಒಳಗೆ ಎಳೆದುಕೊಂಡರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದವರೆಗೆ ಕಾಯಿಲೆ ಬಿದ್ದ ಮಗುವಿಗೆ ಚಿಕಿತ್ಸೆ, ಔಷಧ, ಓಡಾಟ ಎಲ್ಲ ಉಚಿತ. ದಾರಿಯಲ್ಲೂ ಮಗು ಎದೆ ಮೇಲೇ ಇರಲಿ. ಘಾಟಿ ರಸ್ತೆಯ ಕುಲುಕಾಟದಲ್ಲಿ, ಚಳಿಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಅರಕಲಗೂಡಿನ ಅಜ್ಜಿ

ಹೊಗೆ ಬೇಡ ಅಂದಿದ್ದು ಗಟ್ಟಿಯಾಯಿತು ಬಿಡಿ. ಬಾಣಂತಿ ಕೂದಲು ಒಣಗಿಸಲು ಬೇರೆ ಕೋಣೆಯಲ್ಲಿ ಕೆಂಡ ಇಟ್ಟುಕೊಳ್ಳಲಿ, ಕೂಸು ಆ ಹೊತ್ತು ಅಪ್ಪನ ಹತ್ತಿರ ಇರಲಿ. ಸಕಲೇಶಪುರದವರೇ, ನಿಮ್ಮ ಅಮ್ಮನಿಗೆ ನಾನು ಹೇಳಿದೆ ಅಂತ ಹೇಳಿ. ಪುರುಡು ಹನ್ನೊಂದು ದಿನಕ್ಕೆ ಕಳೆಯುತ್ತದೆ, ಅಲ್ಲಿವರೆಗೆ ಕೂಸು ಕಾಯಲ್ಲ.

ಸಕಲೇಶಪುರದ ಅಪ್ಪ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಅಜ್ಜಿಯ ಮಾತನ್ನು ಅಮ್ಮನಿಗೆ ಹಾಗೇ ಓದಿ ಹೇಳಿದೆ. ಅಮ್ಮ ಮಾತಾಡಲಿಲ್ಲ, ಆದರೆ ಹಳೇ ಹತ್ತಿ ಪಂಚೆಯೊಂದನ್ನು ಒಗೆದು ಇಸ್ತ್ರಿ ಮಾಡಿ ಚೀಲಕ್ಕೆ ಹಾಕಿ ಕೊಟ್ಟರು.

ನಿನ್ನೆ ಮಧ್ಯಾಹ್ನ ಶುರು ಮಾಡಿದೆ. ಸಿಸ್ಟರ್ ಇಟ್ಟುಕೊಟ್ಟರು. ತುಂಬಾ ಹಗುರ ಇದ್ದಾಳೆ, ಆದರೆ ಹೊಟ್ಟೆ ಏರಿಳಿಯುವುದು ನನ್ನ ಚರ್ಮಕ್ಕೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಸ್ವಲ್ಪ ಹೊತ್ತಿಗೆ ಹೆದರಿಕೆ ಹೋಯಿತು. ಕೊಳವೆಯಲ್ಲಿ ಹಾಲು ಕೊಡುವಾಗಲೂ ಎತ್ತಲಿಲ್ಲ, ಎದೆ ಮೇಲೇ ಕೊಟ್ಟರು. ಸಂಜೆ ಹೆಂಡತಿ ತೆಗೆದುಕೊಂಡಳು. ಬೆಳಿಗ್ಗೆಯ ಒಂದು ಸರದಿಗೆ ಅತ್ತೆ ಬರುತ್ತೇನೆ ಅಂದಿದ್ದಾರೆ.

ಎರಡು ಪ್ರಶ್ನೆ ಉಳಿದಿವೆ. ತೂಕ ಇನ್ನೂ ಹುಟ್ಟಿದ್ದಕ್ಕಿಂತ ಕಡಿಮೆ ತೋರಿಸುತ್ತಿದೆ, ಭಯ ಪಡಬೇಕಾ? ಮತ್ತೆ, ಎಷ್ಟು ದಿನ ಇದನ್ನು ಮುಂದುವರಿಸಬೇಕು?

ಎಸ್‌ಎನ್‌ಸಿಯು ಸಿಸ್ಟರ್, ಹಾಸನ

ಓದಿ ತುಂಬಾ ಖುಷಿಯಾಯಿತು.

ಮೊದಲ ವಾರ ಇಂಥ ಮಕ್ಕಳ ತೂಕ ಶೇ. 10ರಿಂದ 15ರಷ್ಟು ಇಳಿಯುವುದು ಸಾಮಾನ್ಯ. ಮೈಯ ನೀರು ಕಡಿಮೆಯಾಗುತ್ತದೆ. ಆಮೇಲೆ ಏರಲು ಶುರುವಾದರೆ ಒಂದು ಕೆಜಿಗೆ ದಿನಕ್ಕೆ 15ರಿಂದ 20 ಗ್ರಾಂ ಲೆಕ್ಕ. ಅಂದರೆ ನಿಮ್ಮ ಮಗಳಿಗೆ ಇಪ್ಪತ್ತು, ಇಪ್ಪತ್ತೈದು ಗ್ರಾಂ ಏರಿದರೆ ಒಳ್ಳೆಯ ದಿನ. ದಿನವೂ ಅದನ್ನೇ ನೋಡುತ್ತಾ ಕೊರಗಬೇಡಿ, ವಾರದ ಲೆಕ್ಕ ನೋಡಿ. 34 ವಾರದ ಹೊತ್ತಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಸೇರಿಸಿ ಮಾಡಲು ಕಲಿಯುತ್ತಾಳೆ. ಅಲ್ಲಿವರೆಗೆ ಕೊಳವೆ, ಆಮೇಲೆ ಒಳಲೆ, ಆಮೇಲೆ ಮೊಲೆ. ಎದೆ ಮೇಲಿದ್ದಾಗಲೇ ಮೊಲೆ ನೆಕ್ಕಲು ಬಿಡಲಿ.

ಎಷ್ಟು ದಿನ ಅಂದರೆ, ತೂಕ 2,500 ಗ್ರಾಂ ಆಗುವವರೆಗೆ ಅಥವಾ ಅವಳಿಗೆ ಹುಟ್ಟಬೇಕಿದ್ದ ದಿನ ತುಂಬುವವರೆಗೆ. ಸಾಮಾನ್ಯವಾಗಿ ಮಗುವೇ ಹೇಳುತ್ತದೆ. ಬೆವರುತ್ತದೆ, ಕೈಕಾಲು ಹೊರಗೆ ತಳ್ಳುತ್ತದೆ, ಒಳಗೆ ಇಟ್ಟರೆ ಅಳುತ್ತದೆ. ಆಗ ಬಿಡಬಹುದು.

ನೀವು ಕೇಳದ ಒಂದು ವಿಷಯ. 34 ವಾರಕ್ಕೆ ಮುಂಚೆ ಅಥವಾ 2,000 ಗ್ರಾಂಗಿಂತ ಕಡಿಮೆ ಹುಟ್ಟಿದ ಮಕ್ಕಳ ಕಣ್ಣಿನ ಹಿಂಭಾಗದ ರಕ್ತನಾಳ ತಪ್ಪಾಗಿ ಬೆಳೆಯಬಹುದು. ಹೊರಗಿನಿಂದ ಏನೂ ಕಾಣಲ್ಲ. ಹುಟ್ಟಿ 30 ದಿನ ತುಂಬುವುದರೊಳಗೆ ಈ ಕಣ್ಣಿನ ತೊಂದರೆಯ ಪರೀಕ್ಷೆ, ಅಂದರೆ ಆರ್‌ಒಪಿ ಪರೀಕ್ಷೆ ಆಗಲೇಬೇಕು. ಸಮಯಕ್ಕೆ ಸಿಕ್ಕರೆ ಲೇಸರ್‌ನಲ್ಲಿ ದೃಷ್ಟಿ ಉಳಿಸಬಹುದು, ತಡವಾದರೆ ಆಗಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಆ ದಿನಾಂಕ ಬರೆಸಿಕೊಂಡೇ ಹೊರಡಿ.

ಸಕಲೇಶಪುರದ ಅಪ್ಪ

ಇದನ್ನು ಯಾರೂ ಹೇಳಿರಲಿಲ್ಲ ಸಿಸ್ಟರ್. ನಾಳೆ ರೌಂಡ್ಸ್ ಹೊತ್ತಿಗೆ ಡಾಕ್ಟರನ್ನು ಕೇಳಿ ದಿನಾಂಕ ಬರೆಸಿಕೊಳ್ಳುತ್ತೇನೆ. ಕಡೂರಿನವರೇ, ನಿಮ್ಮ ಅಣ್ಣನಿಗೂ ತಿಳಿಸಿ.

ಕಡೂರಿನವನು

ಈಗಲೇ ಫೋನ್ ಮಾಡಿ ಹೇಳಿದೆ. ಅವರ ಮಗುವಿಗೆ ಇಪ್ಪತ್ತು ದಿನ ಆಗಿದೆ, ಇನ್ನೂ ಹೊತ್ತಿದೆ. ಒಳಗೆ ಬಿಡಿ ಅಂತ ಕೇಳಲು ಅಣ್ಣ ಅತ್ತಿಗೆ ಇಬ್ಬರೂ ನಾಳೆ ಒಟ್ಟಿಗೆ ಹೋಗುತ್ತಿದ್ದಾರೆ.